ಕಾಲಿನ ನೀಲಿ ಗೆರೆ: ಕತ್ತಿಯಿಂದ ಸೂಜಿಮೊನೆಗೆ

ಗುಬ್ಬಿ ಕಡೆಯ ತೋಟಗಳಲ್ಲಿ ಕಾಯಿ ಸುಲಿಯುವವರನ್ನು ಗಮನಿಸಿ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮುಂದೆ ಬೆಳಿಗ್ಗೆ ನಿಂತರೆ ಊಟದ ಹೊತ್ತಿನವರೆಗೂ ಅದೇ ಜಾಗ. ಕೈ, ತೋಳು, ಸೊಂಟ ಬಿಡುವಿಲ್ಲದೆ ಆಡುತ್ತಿರುತ್ತವೆ. ಕಾಲು ಮಾತ್ರ ಊರಿದಲ್ಲೇ ಊರಿರುತ್ತದೆ. ತುಮಕೂರಿನ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಹೆಣ್ಣುಮಕ್ಕಳು, ಹೋಟೆಲಿನ ಕಾವಲಿಯ ಮುಂದಿನ ಭಟ್ಟರು, ಕುಣಿಗಲ್ ಬಸ್ಸಿನ ಕಂಡಕ್ಟರು, ಊರ್ಡಿಗೆರೆಯ ಮೇಷ್ಟ್ರು, ಎಲ್ಲರದೂ ನಿಂತು ಮಾಡುವ ಕೆಲಸವೇ. ಸಂಜೆಗೆ ಕಾಲು ಭಾರ, ಮೀನಖಂಡದಲ್ಲಿ ಸೆಳೆತ, ತೊಡೆಯ ಪಕ್ಕದಲ್ಲೋ ಹರಡಿನ ಬಳಿಯೋ ಜೇಡರ ಬಲೆಯಂತೆ ಹರಡಿದ ಕೆಂಪು-ನೀಲಿ ಗೆರೆಗಳು. 'ನರ ಎದ್ದಿದೆ' ಎಂದು ಎಣ್ಣೆ ತೀಡಿ ಮಲಗುವುದು ನಮ್ಮ ಕಡೆ ರೂಢಿ.

ಈ ಗೆರೆಗಳನ್ನು ವೈದ್ಯಶಾಸ್ತ್ರ ಅರ್ಥಮಾಡಿಕೊಂಡ ಬಗೆ ಮೂರೂವರೆ ಸಾವಿರ ವರ್ಷಗಳ ಕಥೆ. ಕಣ್ಣಿಗೆ ಕಾಣುವ ನಾಳವನ್ನು ಕೊಯ್ಯುವಲ್ಲಿಂದ ಶುರುವಾದ ಈ ವಿದ್ಯೆ, ಕಣ್ಣಿಗೆ ಕಾಣದ ಒತ್ತಡವನ್ನು ಹುಡುಕುವಲ್ಲಿಗೆ ಬಂದು ನಿಂತಿದೆ.

ಏನು ಕೆಟ್ಟಿರುತ್ತದೆ?

ಹೃದಯದಿಂದ ಪಾದಕ್ಕೆ ಇಳಿದ ರಕ್ತ ಮತ್ತೆ ಮೇಲೇರಬೇಕು. ಅದನ್ನು ಎತ್ತುವ ಪಂಪು ಮೀನಖಂಡದ ಸ್ನಾಯು. ನಡೆದಾಗಲೆಲ್ಲ ಅದು ನಾಳಗಳನ್ನು ಹಿಂಡುತ್ತದೆ, ರಕ್ತ ಮೇಲಕ್ಕೆ ಹೋಗುತ್ತದೆ. ಹೋದದ್ದು ಹಿಂದಕ್ಕೆ ಬರದಂತೆ ತಡೆಯಲು ನಾಳದೊಳಗೆ ಕವಾಟಗಳಿವೆ. ಬಾವಿಯ ಪಂಪಿಗೆ ಫುಟ್‌ವಾಲ್ವ್ ಹಾಕಿಸಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ವಾಲ್ವ್ ಸೋರಿದರೆ ಪೈಪಿನಲ್ಲಿದ್ದ ನೀರೆಲ್ಲ ಮತ್ತೆ ಬಾವಿಗೆ. ಸುಮ್ಮನೆ ನಿಂತಾಗ ಹರಡಿನ ಬಳಿ ಅಶುದ್ಧ ರಕ್ತನಾಳದ ಒತ್ತಡ ಸುಮಾರು 80–90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಆರೋಗ್ಯವಂತರು ನಡೆಯತೊಡಗಿದರೆ ಅದು 30ಕ್ಕಿಂತ ಕೆಳಗಿಳಿಯುತ್ತದೆ. ಕವಾಟ ಕೆಟ್ಟವರಲ್ಲಿ ನಡೆದರೂ ಅಷ್ಟು ಇಳಿಯುವುದಿಲ್ಲ. ಆ ಒತ್ತಡ ತಾಳದೆ ನಾಳಗಳು ಹಿಗ್ಗುತ್ತವೆ, ಸೊಟ್ಟಗಾಗುತ್ತವೆ.

1994ರಲ್ಲಿ ಹವಾಯಿಯಲ್ಲಿ ಸೇರಿದ ತಜ್ಞರು ಇದಕ್ಕೆ ಒಂದು ಶ್ರೇಣಿ ಕೊಟ್ಟರು. ಒಂದು ಮಿಲಿಮೀಟರಿಗಿಂತ ಸಣ್ಣ ಜೇಡಗೆರೆ, ಮೂರಕ್ಕಿಂತ ಸಣ್ಣ ನೀಲಿ ನಾಳ ಮೊದಲ ಮೆಟ್ಟಿಲು. ಮೂರು ಮಿಲಿಮೀಟರು ಮುಟ್ಟಿದ ಹುರಿಯಂಥ ನಾಳ, ಅಂದರೆ ವೆರಿಕೋಸ್ ವೇನ್ಸ್, ಎರಡನೆಯದು. ಮುಂದೆ ಊತ, ಚರ್ಮ ಕಪ್ಪಾಗಿ ಗಟ್ಟಿಯಾಗುವುದು, ಮಾಗಿದ ಹುಣ್ಣು. ಆರನೆಯದು ಮಾಗದ ಹುಣ್ಣು. ಜೇಡಗೆರೆ ಇದ್ದವರೆಲ್ಲ ಹುಣ್ಣಿಗೆ ಹೋಗುತ್ತಾರೆಂದೇನೂ ಅಲ್ಲ. ಬಹುಪಾಲು ಮಂದಿ ಮೊದಲ ಮೆಟ್ಟಿಲಲ್ಲೇ ಉಳಿಯುತ್ತಾರೆ. 1990ರ ದಶಕದಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ 1,566 ಜನರ ಕಾಲು ಪರೀಕ್ಷಿಸಿದಾಗ ನೂರಕ್ಕೆ 80ಕ್ಕೂ ಹೆಚ್ಚು ಮಂದಿಯಲ್ಲಿ ಇಂಥ ಸಣ್ಣ ಗೆರೆಗಳಿದ್ದವು. ಇದು ಹೆಂಗಸರ ಕಾಯಿಲೆ ಎಂಬ ನಂಬಿಕೆಯನ್ನೂ ಆ ಅಧ್ಯಯನ ಅಲ್ಲಾಡಿಸಿತು: ದೊಡ್ಡ ನಾಳ ಉಬ್ಬಿದವರು ಗಂಡಸರಲ್ಲಿ ಸುಮಾರು 40, ಹೆಂಗಸರಲ್ಲಿ 32 ಪ್ರತಿಶತ.

ಕತ್ತಿಯ ಕಾಲ

ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ಈಬರ್ಸ್ ಸುರುಳಿ ಹಾವಿನಂತೆ ಸುತ್ತಿದ ಉಬ್ಬುಗಳನ್ನು ಹೆಸರಿಸಿ, ಮುಟ್ಟಬೇಡಿ ಎಂದು ಎಚ್ಚರಿಸುತ್ತದೆ. ನಮ್ಮ ಸುಶ್ರುತ ಸಂಹಿತೆ ಸಿರಾಜ ಗ್ರಂಥಿಯನ್ನು ವರ್ಣಿಸಿ, ದುರ್ಬಲರು ಅತಿಯಾಗಿ ಶ್ರಮಪಟ್ಟಾಗ ಅದು ಹುಟ್ಟುತ್ತದೆಂದು ಕಾರಣ ಹೇಳುತ್ತದೆ. ಸಿರೆಯನ್ನು ಚುಚ್ಚಿ ರಕ್ತ ಬಿಡುವ, ಜಿಗಣೆ ಹಚ್ಚುವ ಕ್ರಮಗಳಿಗೆ ಅದರಲ್ಲಿ ಪ್ರತ್ಯೇಕ ಅಧ್ಯಾಯಗಳೇ ಇವೆ. ರೋಮಿನ ಸೇನಾಪತಿ ಗೈಯಸ್ ಮೇರಿಯಸ್ ತನ್ನನ್ನು ಕಟ್ಟಿಹಾಕಲು ಬಿಡದೆ, ಹಲ್ಲುಕಚ್ಚಿ ಒಂದು ಕಾಲಿನ ನಾಳ ಕೊಯ್ಯಿಸಿಕೊಂಡನಂತೆ. ಇನ್ನೊಂದು ಕಾಲನ್ನು ಮಾತ್ರ ಕೊಡಲಿಲ್ಲ. ಈ ನೋವಿಗೆ ಆ ಗುಣ ಸಾಟಿಯಲ್ಲ ಎಂದನೆಂದು ಪ್ಲುಟಾರ್ಕ್ ಬರೆದಿದ್ದಾನೆ.

ಕಾರಣ ಗೊತ್ತಾಗದೆ ಕೊಯ್ದ ಕಾಲ ಅದು. ಇಟಲಿಯ ಪಡುವಾದಲ್ಲಿ ಫ್ಯಾಬ್ರಿಸಿಯಸ್ 1603ರಲ್ಲಿ ನಾಳದ ಕವಾಟಗಳ ಚಿತ್ರ ಪ್ರಕಟಿಸಿದ. ಅವು ಯಾಕಿವೆ ಎಂಬುದನ್ನು ಅವನ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ, ರಕ್ತ ಸುತ್ತುತ್ತದೆಂದು ಸಾಧಿಸುತ್ತ, ಬಿಡಿಸಿ ಹೇಳಿದ. ಆ ತಿಳಿವಳಿಕೆ ಚಿಕಿತ್ಸೆಗೆ ಇಳಿಯಲು ಮತ್ತೂ ಇನ್ನೂರೈವತ್ತು ವರ್ಷ ಹಿಡಿಯಿತು. 1890ರ ದಶಕದ ಆರಂಭದಲ್ಲಿ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ಉಬ್ಬಿದ ಜಾಗ ಬಿಟ್ಟು, ಮೇಲೆ ತೊಡೆಯಲ್ಲೇ ಮುಖ್ಯ ನಾಳವನ್ನು ಕಟ್ಟಿದ. ಸೋರುವ ಕಡೆ ಕೈ ಹಾಕಿದ ಮೊದಲಿಗರಲ್ಲಿ ಅವನೊಬ್ಬ. 1907ರಲ್ಲಿ ಅಮೆರಿಕದ ಶಸ್ತ್ರವೈದ್ಯ ಬ್ಯಾಬ್‌ಕಾಕ್ ನಾಳದೊಳಗೆ ತಂತಿ ತೂರಿಸಿ ಇಡೀ ನಾಳವನ್ನೇ ಎಳೆದು ತೆಗೆಯುವ ಕ್ರಮ ತಂದ. ಬೆನ್ನಿಗೆ ಅರಿವಳಿಕೆ, ತೊಡೆಸಂದಿಯಲ್ಲಿ ಗಾಯ, ವಾರಗಟ್ಟಲೆ ಕಪ್ಪಾದ ಕಾಲು: ಇಪ್ಪತ್ತನೇ ಶತಮಾನ ಮುಗಿಯುವವರೆಗೂ 'ನರದ ಆಪರೇಷನ್' ಎಂದರೆ ಇದೇ.

ಕಟ್ಟು, ಕಾಲುಚೀಲ, ಸೂಜಿ

ಕತ್ತಿಯ ಪಕ್ಕದಲ್ಲೇ ಇನ್ನೊಂದು ದಾರಿ ಸದ್ದಿಲ್ಲದೆ ಬೆಳೆಯುತ್ತಿತ್ತು. ಹುಣ್ಣಾದ ಕಾಲನ್ನು ಬಿಗಿಯಾಗಿ ಸುತ್ತುವುದು ಹಳೆಯ ಜ್ಞಾನ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹ್ಯಾಂಬರ್ಗಿನ ಉನ್ನಾ ಜಿಂಕ್ ಲೇಪದ ಪಟ್ಟಿ ಕಟ್ಟತೊಡಗಿದ. ಅಮೆರಿಕದಲ್ಲಿ ನೆಲೆಸಿದ ಕೊನ್ರಾಡ್ ಯೋಬ್ಸ್ಟ್ ವೈದ್ಯನಲ್ಲ, ಎಂಜಿನಿಯರ್. ಸ್ವತಃ ಕಾಲಿನ ಹುಣ್ಣಿನಿಂದ ನರಳಿದವ. ಈಜುಕೊಳದಲ್ಲಿ ನಿಂತಾಗ ನೋವು ಇಳಿಯುವುದನ್ನು ಕಂಡು ಲೆಕ್ಕ ಹಾಕಿದ: ನೀರು ಆಳಕ್ಕೆ ಹೋದಷ್ಟೂ ಹೆಚ್ಚು ಒತ್ತುತ್ತದೆ. ಹಾಗೆ 1950ರಲ್ಲಿ ಹರಡಿನಲ್ಲಿ ಹೆಚ್ಚು ಬಿಗಿ, ಮೇಲೆ ಹೋದಂತೆ ಕಡಿಮೆ ಬಿಗಿ ಇರುವ ಕಾಲುಚೀಲ ಹುಟ್ಟಿತು. ಇಂದು ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಟಾಕಿಂಗ್ಸ್ ಅದರ ಸಂತತಿ.

ಜೇಡಗೆರೆಗೆ ನೇರವಾಗಿ ನೆರವಾದದ್ದು ಸೂಜಿಮದ್ದು. ನಾಳದ ಒಳಗೋಡೆಯನ್ನು ಕೆರಳಿಸಿ ಅಂಟಿಸಿಬಿಡುವ ಔಷಧ ಚುಚ್ಚಿದರೆ, ನಾಳ ಮುಚ್ಚಿ ತಿಂಗಳುಗಳಲ್ಲಿ ಕರಗುತ್ತದೆ. ಮೊದಲು ಬಳಸಿದ ದ್ರವಗಳು ಅಪಾಯಕಾರಿಯಾಗಿದ್ದವು. 1946ರಲ್ಲಿ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್, 1960ರ ದಶಕದಲ್ಲಿ ಪೊಲಿಡೊಕನಾಲ್ ಬಂದ ಮೇಲೆ ಚಿಕಿತ್ಸೆ ನೆಲೆನಿಂತಿತು. ಪೊಲಿಡೊಕನಾಲ್ ಮೂಲತಃ ಜಾಗವನ್ನು ಮರಗಟ್ಟಿಸಲೆಂದು ತಯಾರಾದ ಮದ್ದು! 2000ದ ಸುಮಾರಿಗೆ ಇಟಲಿಯ ಟೆಸ್ಸಾರಿ ಒಂದು ಪಾಲು ಮದ್ದಿಗೆ ನಾಲ್ಕು ಪಾಲು ಗಾಳಿ ಸೇರಿಸಿ, ಎರಡು ಸಿರಿಂಜುಗಳ ನಡುವೆ ಹಿಂದೆ ಮುಂದೆ ತಳ್ಳಿ ನೊರೆ ಮಾಡುವ ಸುಲಭ ಉಪಾಯ ತೋರಿಸಿದ. ನೊರೆ ರಕ್ತದಲ್ಲಿ ಬೇಗ ಬೆರೆಯದು. ರಕ್ತವನ್ನು ಪಕ್ಕಕ್ಕೆ ತಳ್ಳಿ ಗೋಡೆಗೆ ತಾಗುತ್ತದೆ. ಹಾಗಾಗಿ ದೊಡ್ಡ ನಾಳಗಳಿಗೂ ಸೂಜಿಮದ್ದು ಸಾಕೆನಿಸಿತು.

ಒಳಗಣ್ಣು ಮತ್ತು ಬಿಸಿ

ದೊಡ್ಡ ತಿರುವು ತಂದದ್ದು ಚಿಕಿತ್ಸೆಯಲ್ಲ, ಪರೀಕ್ಷೆ. 1980ರ ದಶಕದಲ್ಲಿ ಹರಡಿದ ಡಾಪ್ಲರ್ ಸ್ಕ್ಯಾನಿಂಗ್‌ನಲ್ಲಿ, ರೋಗಿಯನ್ನು ನಿಲ್ಲಿಸಿ ಮೀನಖಂಡ ಹಿಂಡಿ ಬಿಟ್ಟರೆ, ರಕ್ತ ಹಿಂದಕ್ಕೆ ಹರಿಯುವುದು ಪರದೆಯ ಮೇಲೆ ಬಣ್ಣದಲ್ಲೇ ಕಾಣುತ್ತದೆ. ಯಾವ ಕವಾಟ ಸೋರುತ್ತಿದೆ ಎಂಬುದಕ್ಕೆ ಊಹೆ ಬೇಡವಾಯಿತು. ಅದರ ಬೆನ್ನಿಗೇ 1998–2002ರ ನಡುವೆ ರೇಡಿಯೋ ತರಂಗ ಮತ್ತು ಲೇಸರ್ ಬಂದವು. ಮಂಡಿಯ ಬಳಿ ಸೂಜಿಯಿಂದ ತೆಳು ನಳಿಕೆ ತೂರಿಸಿ, ನಾಳದ ಸುತ್ತ ಅರಿವಳಿಕೆ ದ್ರವ ತುಂಬಿ, ಒಳಗಿನಿಂದಲೇ ಸುಟ್ಟು ಮುಚ್ಚುವ ವಿಧಾನ. ರೋಗಿ ಅಂದೇ ನಡೆದು ಮನೆಗೆ. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಮೊದಲ ಆಯ್ಕೆ ಈ ಬಿಸಿ, ಆಗದಿದ್ದರೆ ನೊರೆ, ಅದೂ ಆಗದಿದ್ದರೆ ಆಪರೇಷನ್ ಎಂದು ಸಾಲು ಹಾಕಿತು. ಅಂಟಿನಿಂದ ನಾಳ ಮುಚ್ಚುವ ವಿಧಾನಕ್ಕೆ ಅಮೆರಿಕ 2015ರಲ್ಲಿ ಒಪ್ಪಿಗೆ ಕೊಟ್ಟಿತು. 2018ರಲ್ಲಿ ಪ್ರಕಟವಾದ 450 ರೋಗಿಗಳ ಬ್ರಿಟಿಷ್ ಪ್ರಯೋಗದಲ್ಲಿ, ಸೋರುವ ನಾಳವನ್ನು ತಡಮಾಡದೆ ಮುಚ್ಚಿದವರ ಹುಣ್ಣು ಮಾಗಲು ಹಿಡಿದ ಮಧ್ಯಮ ಅವಧಿ 56 ದಿನ. ಬರೀ ಪಟ್ಟಿ ಕಟ್ಟಿ ಕಾದವರದು 82.

ಭಾರತದಲ್ಲಿ ರಕ್ತನಾಳ ಶಸ್ತ್ರವೈದ್ಯರ ಸಂಘ ರೂಪುಗೊಂಡದ್ದು 1994ರಲ್ಲಿ. ಬೆಂಗಳೂರಿನ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆಂದೇ ಪ್ರತ್ಯೇಕ ಸಂಸ್ಥೆ ಬೆಳೆಯಿತು. 1988ರಿಂದ ಸಿದ್ಧಾರ್ಥ ವೈದ್ಯಕೀಯ ಕಾಲೇಜು ಇರುವ ತುಮಕೂರಿನಲ್ಲೇ ಈಗ ಡಾಪ್ಲರ್ ಸಿಗುತ್ತದೆ. ಕಾಲು ತೋರಿಸಲು ಊರ್ಡಿಗೆರೆಯವರು ಬೆಂಗಳೂರಿಗೇ ಓಡಬೇಕಾಗಿಲ್ಲ.

ನಮ್ಮ ಕಾಲಿಗೆ ಯಾವುದು?

ಬರೀ ಜೇಡಗೆರೆಯಿದ್ದು ನೋವು, ಊತ ಇಲ್ಲದಿದ್ದರೆ ಚಿಕಿತ್ಸೆ ಅಂದಕ್ಕಷ್ಟೇ. ಬೇಕೆನಿಸಿದರೆ ಸೂಜಿಮದ್ದೇ ಮೊದಲು. ಕೂದಲಿನಂಥ ಸೂಜಿಯಿಂದ, ಹಲವು ಸಲ ಕೂತು ಮಾಡಿಸಬೇಕು. ನೂರರಲ್ಲಿ ಹತ್ತರಿಂದ ಮೂವತ್ತು ಮಂದಿಗೆ ಕಂದು ಕಲೆ ಉಳಿಯಬಹುದು. ಬಹುಪಾಲು ವರ್ಷದೊಳಗೆ ಮಾಸುತ್ತದೆ. ಚರ್ಮದ ಮೇಲಿನಿಂದ ಹಾಯಿಸುವ ಲೇಸರ್ ನಮ್ಮ ಮೈಬಣ್ಣಕ್ಕೆ ಸುಟ್ಟ ಕಲೆ ಮಾಡೀತು. 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಇದ್ದುದರಲ್ಲಿ ಕ್ಷೇಮ. ಗೆರೆ ಅಳಿಸುತ್ತೇವೆನ್ನುವ ಮುಲಾಮುಗಳಿಗೆ ದುಡ್ಡು ಸುರಿಯಬೇಡಿ. ಬಸುರಿನಲ್ಲಿ ಎದ್ದ ನಾಳ ಹೆರಿಗೆಯಾದ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುವುದುಂಟು, ಅಲ್ಲಿಯವರೆಗೆ ಕಾಯಬೇಕು.

ಹರಡಿನ ಸುತ್ತ ಚರ್ಮ ಕಪ್ಪಾದರೆ, ತುರಿಸಿದರೆ, ಹುಣ್ಣಾದರೆ ಡಾಪ್ಲರ್ ತಡಮಾಡಬಾರದು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ತೀಡದೆ ಅಂದೇ ಆಸ್ಪತ್ರೆಗೆ ಹೋಗಿ. ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ ಮೇಲುಗಡೆ ಹಗ್ಗ ಬಿಗಿಯುವ ಅಭ್ಯಾಸ ನಮ್ಮಲ್ಲಿದೆ. ಅದರಿಂದ ರಕ್ತ ಇನ್ನೂ ಹೆಚ್ಚುತ್ತದೆ. ಮಲಗಿಸಿ, ಕಾಲೆತ್ತಿ, ಶುಭ್ರ ಬಟ್ಟೆಯಿಂದ ಅದೇ ಜಾಗವನ್ನು ಒತ್ತಿಹಿಡಿದರೆ ನಿಲ್ಲುತ್ತದೆ. ಸಕ್ಕರೆ ಕಾಯಿಲೆಯವರು, ಬೀಡಿ-ಸಿಗರೇಟು ಸೇದುವವರು ಶುದ್ಧ ರಕ್ತನಾಳ ಪರೀಕ್ಷಿಸಿಕೊಳ್ಳದೆ ಬಿಗಿ ಕಾಲುಚೀಲ ತೊಡಬಾರದು.

ತಡೆಗಟ್ಟುವುದರಲ್ಲಿ ಮಾತ್ರ ಇಷ್ಟು ಪ್ರಗತಿಯಿಲ್ಲ. ವಂಶದಿಂದ ಬಂದದ್ದನ್ನೂ ವಯಸ್ಸನ್ನೂ ಬದಲಿಸಲಾಗದು. ಮೈತೂಕ ಇಳಿಸುವುದು, ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು, ನಡೆಯುವುದು, ರಾತ್ರಿ ಕಾಲಡಿ ದಿಂಬಿಡುವುದು ನಮ್ಮ ಕೈಲಿವೆ. ಕೂರಲು ಒಂದು ಸ್ಟೂಲು ಕೊಡುವುದು ಕೆಲಸ ಕೊಟ್ಟವರ ಕೈಲಿದೆ. ನಿಂತು ದುಡಿಯುವವರಿಗೆ ಕೂರುವ ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಂ ಹೇಳಿತ್ತು, ಆದರೆ ಅದರ ಮಾತು ಕಾರ್ಖಾನೆಗಷ್ಟೇ ಆಗಿತ್ತು. ಅಂಗಡಿಗಳ ಹೆಣ್ಣುಮಕ್ಕಳು ಹೋರಾಡಿದ ಮೇಲೆ ಕೇರಳ 2018ರಲ್ಲಿ, ಆಮೇಲೆ ತಮಿಳುನಾಡು 2021ರಲ್ಲಿ ಅಂಗಡಿಯವರಿಗೂ ಕೂರುವ ಹಕ್ಕನ್ನು ಕಾನೂನಿನಲ್ಲಿ ಬರೆದವು. ನಾಳದೊಳಗೆ ನಳಿಕೆ ತೂರಿಸಿ ಲೇಸರ್ ಹಾಯಿಸಲು ಸಾವಿರಾರು ರೂಪಾಯಿ ಬೇಕು. ಒಂದು ಸ್ಟೂಲಿಗೆ ನೂರರ ಲೆಕ್ಕ. ದುಬಾರಿಯಾದದ್ದು ನಮ್ಮ ಊರಿಗೆ ಮೊದಲು ಬಂತು, ಅಗ್ಗದ್ದು ಇನ್ನೂ ಬರಬೇಕಾಗಿದೆ.