ಗಾಡಿ ಬಿಟ್ಟಲ್ಲೆ ಎಚ್ಚರ ಬಿಡಬಾರದು

ನಮ್ಮ ಆಯಿ ತನ್ನ ಜೀವಮಾನದಾಗ ಹನ್ನೊಂದು ಸಲ ಚಕ್ಕಡ್ಯಾಗ ಕುಂತು ಉಳವಿ ಜಾತ್ರಿಗೆ ಹೋಗಿ ಬಂದಾಕಿ. ಭಾರತ ಹುಣ್ಣಿಮಿ ಹತ್ತರ ಬಂತಂದ್ರ ಧಾರವಾಡ ಸೀಮಿ ಹಳ್ಳಿಗೋಳಿಂದ ಚಕ್ಕಡಿ ಸಾಲುಗಟ್ಟಿ ಹೊಂಡತಿದ್ದವು, ಈಗೂ ಹೊಂಡತಾವು. ಹಾದಿಯೊಳಗ ಕತ್ತಲಾತಂದ್ರ ಎತ್ತಿನ ಕೊಳ್ಳ ಹರಿದು, ಗಾಡಿಗೋಳನ್ನ ಸುತ್ತಗಟ್ಟಿ ನಿಲ್ಲಿಸಿ, ನಡುವ ಮೂರು ಕಲ್ಲಿಟ್ಟು ಒಲಿ ಹೂಡತಿದ್ರಂತ. ಅಲ್ಲೆ ಆಯಿದು ಒಂದು ಕಟ್ಟಳಿ. ಎಲ್ಲಾರೂ ಕೂಡಿ ಉಣ್ಣಾಕ ಕೂಡಬಾರದು. ಒಬ್ಬಾಕಿ ನಿಂತಿರಬೇಕು. ಉಂಡಾಕಿ ಎದ್ದ ಮ್ಯಾಲೆ ನಿಂತಾಕಿ ಉಣಬೇಕು. ಮಲಗೂಮುಂದೂ ಹಂಗ, ಪಾಳಿ ಪ್ರಕಾರ ಒಬ್ಬಾಕಿ ಎಚ್ಚರ.

ನಾವು ಸಣ್ಣವರಿದ್ದಾಗ, "ಹುಲಿ ಬರತಿತ್ತೇನ ಆಯಿ?" ಅಂತ ಕೇಳತಿದ್ವಿ. "ಹುಲಿ ಬಂದ್ರ ಎತ್ತು ಹೇಳತಾವು. ಮನಷ್ಯಾ ಬಂದ್ರ ಎತ್ತಿಗೆ ತಿಳ್ಯೂದಿಲ್ಲ" ಅಂತಿದ್ಲು.

ಈ ಮಾತು ಈಗ್ಯಾಕ ನೆನಪಾತಂದ್ರ, ನಮ್ಮ ತಂಗಿ ಮಗಳು ಬರೂ ಸೂಟಿಯೊಳಗ ಎರಡು ಮಕ್ಕಳನ್ನ, ವಯಸ್ಸಾದ ಅತ್ತಿನ್ನ ಕರಕೊಂಡು, ತಾನ ಕಾರು ಹೊಡಕೊಂಡು ಪುಣೆಯಿಂದ ಹುಬ್ಬಳ್ಳಿಗೆ ಬರಾಕತ್ಯಾಳ. "ದೊಡ್ಡವ್ವ, ಹಾದ್ಯಾಗ ನಿಂತಾಗ ಏನೇನು ನೋಡಕೋಬೇಕು, ಒಂದು ಪಟ್ಟಿ ಬರದು ಕಳಸು" ಅಂದ್ಲು. ಪಟ್ಟಿ ಬರಿಯಾಕ ಕುಂತೆ, ಇತಿಹಾಸ ಬಂತು. ಮೂವತ್ತು ವರ್ಷ ಸಾಲ್ಯಾಗ ಅದನ್ನ ಕಲಿಸಿದ ಚಟ, ಏನ ಮಾಡೂದು. ಓದ್ರಿ, ಪಟ್ಟೀನೂ ಕಡೀಕ ಐತಿ.

ಹಾದಿಯೊಳಗ ನಿಲ್ಲೂ ಜಾಗಾದ ಚಿಂತಿ ಭಾಳ ಹಳೇದು. ನಮ್ಮ ಕನ್ನಡ ಶಾಸನಗಳನ್ನ ತಗದ್ರ ಅರವಟ್ಟಿಗೆ ಇಡಿಸಿದವರು, ಸತ್ರ ಕಟ್ಟಿಸಿದವರು ಕಾಣತಾರ. ದಣಿದು ಬಂದವರಿಗೆ ನೀರು, ನೆರಳು, ಅನ್ನ ಕೊಡೂದು ಪುಣ್ಯದ ಕೆಲಸ ಆಗಿತ್ತು. ಆದ್ರ ನೀರು ಕೊಟ್ಟರ ಸಾಕೇನು? ಕಾವಲೂ ಬೇಕಲ್ಲ. ನಮ್ಮ ಐಹೊಳಿಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಅನ್ನೂ ವ್ಯಾಪಾರಸ್ಥರ ಸಂಘ ದಕ್ಷಿಣ ದೇಶ ತುಂಬ ತಿರಗತಿತ್ತು. ಎತ್ತು, ಕೋಣ, ಕತ್ತೆಗಳ ಮ್ಯಾಲೆ ಸಾಮಾನು ಹೇರಕೊಂಡು ಹೊಂಟವರು ತಮ್ಮದ ಆಯುಧದವರನ್ನೂ ಜೋಡಿ ಇಟಗೋತಿದ್ರು. ನಮ್ಮ ಹಳ್ಳಿಗೋಳ ಅಗಸಿ ಹತ್ತರ ಇರೂ ವೀರಗಲ್ಲು ನೋಡೀರಿ. ಅದರೊಳಗ ಎಷ್ಟೋ ಕಲ್ಲು ದನಾ ಹೊಡಕೊಂಡು ಹೋಗೂ ಕಳ್ಳರ ಕೂಡ, ಹೆಂಗಸರ ಮಾನಕ್ಕ ಕೈ ಹಚ್ಚಿದವರ ಕೂಡ ಬಡದಾಡಿ ಸತ್ತವರದು. ಜಾತ್ರ್ಯಾಗ ಕುಂಕುಮ ಹಚ್ಚಿ ಮುಂದ ಹೋಗತೀವಿ, ಕಲ್ಲು ಯಾಕ ನಿಂತೈತಿ ಅಂತ ಕೇಳೂದಿಲ್ಲ.

ಉತ್ತರ ಹಿಂದೂಸ್ತಾನದಾಗ 1540 ರಿಂದ 1545 ರ ತನಕ ಆಳಿದ ಶೇರ್ ಶಾಹ ದೊಡ್ಡ ಹಾದಿಗುಂಟ ಎರಡೆರಡು ಕೋಸಿಗೆ ಒಂದೊಂದು ಸರಾಯಿ ಕಟ್ಟಿಸಿದಾ ಅಂತ ಅವನ ಚರಿತ್ರೆ ಬರದ ಅಬ್ಬಾಸ್ ಖಾನ್ ಹೇಳತಾನ. ಲೆಕ್ಕ 1,700 ಅಂತ ಕೊಡತಾನ. ಬಾಗಲಾಗ ತಣ್ಣೀರಿನ ಗಡಿಗಿ, ಒಳಗ ಹಿಂದೂ ಮಂದಿಗೆ ಬ್ಯಾರೆ, ಮುಸಲ್ಮಾನರಿಗೆ ಬ್ಯಾರೆ ಇಳಿಯೂ ವ್ಯವಸ್ಥಾ. ಸಾಲಿ ಹುಡುಗರಿಗೆ ಇದನ್ನೆಲ್ಲಾ ಬಾಯಿಪಾಠ ಮಾಡಸತಿದ್ದೆ. ಆದ್ರ ನನಗ ಹೆಚ್ಚಿಂದು ಅನಸೂದು ಇನ್ನೊಂದು ಸಂಗತಿ. ಯಾವ ಹಳ್ಳಿ ಗಡಿಯೊಳಗ ಹಾದಿಕಾರನ ಕಳವು ಆಗತೈತೋ, ಖೂನಿ ಆಗತೈತೋ, ಕಳ್ಳನ್ನ ಹಿಡದು ಕೊಡೂ ಜವಾಬ್ದಾರಿ ಆ ಹಳ್ಳಿಯ ಮುಖ್ಯಸ್ಥನ ಮ್ಯಾಲೆ ಇತ್ತು. ಅಂದ್ರ ಪರಊರವರು ನಮ್ಮ ಗಡಿಯೊಳಗ ನಿಂತಾಗ ಅವರ ಜೀವ ಊರಿನವರ ಲೆಕ್ಕದಾಗ ಇತ್ತು.

ಈ ಲೆಕ್ಕ ತಪ್ಪಿದಾಗ ಏನಾತು ಅನ್ನೂದು ನಮ್ಮ ಕಡೆಯದ ಕಥಿ. ಹದಿನೆಂಟನೇ ಶತಮಾನದ ಕಡೀಕ ಯುದ್ಧದ ಮ್ಯಾಲೆ ಯುದ್ಧ. ರಾಜ್ಯ ಒಡದವು, ಹಾದಿ ಕಾಯಾವರು ಇಲ್ಲಂಗಾದ್ರು. 1799 ರಾಗ ಶ್ರೀರಂಗಪಟ್ಟಣ ಬಿದ್ದು ಟೀಪೂ ಸುಲ್ತಾನ ತೀರಿಕೊಂಡ ಸ್ವಲ್ಪ ದಿವಸದಾಗ, ಬೆಂಗಳೂರಿನ ಆಜೂಬಾಜೂ ಸುಮಾರು ನೂರು ಮಂದಿ ಸಿಕ್ಕಿಬಿದ್ರು. ಆಗ ಅವರು ಎಂಥಾವರು ಅಂತ ಇಂಗ್ಲೀಷರಿಗೆ ಪೂರ್ತಿ ತಿಳೀಲಿಲ್ಲ. 1807 ರಾಗ ಚಿತ್ತೂರು, ಆರ್ಕಾಟಿನ ನಡುವ ಮತ್ತ ಕೆಲವರು ಸಿಕ್ಕ ಮ್ಯಾಲೆ ಗುಟ್ಟು ಹೊರಗ ಬಿತ್ತು. ಮದರಾಸಿನ ರಿಚರ್ಡ್ ಶೆರ್ವುಡ್ ಅನ್ನೂ ಡಾಕ್ಟರ್ 1816 ರಾಗ ಇವರ ಬಗ್ಗೆ ಒಂದು ಲೇಖನ ಬರದ. ದಕ್ಷಿಣದಾಗ ಫಾಸಿಗಾರರು, ಉತ್ತರದಾಗ ಠಗ್ಗರು, ಕನ್ನಡದಾಗ ತಂತಿ ಕಳ್ಳರು ಅಂತ ಇವರ ಹೆಸರು ಕೊಟ್ಟಾನ. ತಂತಿಯಿಂದ ಕುತಿಗಿಗೆ ಉರಲು ಹಾಕಾವರು. ಕನ್ನಡದಾಗ ಹೆಸರು ಇತ್ತಂದ್ರ ನಮ್ಮ ಮಂದಿಗೆ ಇವರ ಹೆದರಿಕಿ ಗೊತ್ತಿತ್ತು ಅಂತ ಆತಲ್ಲ.

ಈಗ ಇವರ ಕೆಲಸದ ರೀತಿ ಕೇಳ್ರಿ. ಕತ್ತಲಾಗ ಮ್ಯಾಲೆ ಬೀಳಾವರಲ್ಲ ಇವರು. ಹಗಲು ಹೊತ್ತಿನ್ಯಾಗ, ಚಲೋ ಅರಬಿ ಹಾಕ್ಕೊಂಡು, ವ್ಯಾಪಾರಸ್ಥರಂಗ, ಊರಿಗೆ ಹೊಂಟ ಸಿಪಾಯಿಗಳಂಗ ಬರತಿದ್ರು. ಗುಂಪಿನೊಳಗ ಮಾತಿನ ಮಲ್ಲ ಒಬ್ಬ ಇರತಿದ್ದ. ಅವನಿಗೆ ಅವರ ಗುಪ್ತ ಭಾಷಾದಾಗ ಸೋಥಾ ಅಂತ ಹೆಸರು. ಅವನ ಮೊದಲ ಮಾತು ಏನು ಗೊತ್ತೇನ್ರಿ? ಹಾದಿ ಚಲೋ ಇಲ್ಲ, ಕಳ್ಳರ ಕಾಟ ಭಾಳ, ಕೂಡಿ ಹೋಗೂಣು ಅನ್ನೂದು. ಒಂದೆರಡು ದಿನ ಜೋಡಿ ನಡದು, ಜೋಡಿ ಉಂಡು, ನಕ್ಕು ಮಾತಾಡಿ ನಂಬಿಗಿ ಹುಟ್ಟಸತಿದ್ರು. ಕಡೀಕ ಒಂದು ಕಡೆ ಎಲ್ಲಾರೂ ಗಂಟು ಇಳಿಸಿ, ಕಾಲು ಚಾಚಿ ಕೂಡಾವರು. ತಂಬಾಕು ತರ್ರಿ ಅನ್ನೂ ಅರ್ಥದ ಒಂದು ಮಾತು ಬರತಿತ್ತು. ಅದ ಸನ್ನಿ. ಒಬ್ಬಾಂವ ಹಿಂದಿಂದ ಉರಲು ಹಾಕಿದ್ರ ಇನ್ನೊಬ್ಬಾಂವ ಕೈ ಹಿಡ್ಯಾಂವ. ಹೆಂಗಸರನ್ನ ಕೊಲ್ಲಬಾರದು ಅಂತ ಅವರಲ್ಲೂ ಒಂದು ಕಟ್ಟಳಿ ಇತ್ತಂತ. ಅದನ್ನೂ ಮುರದ್ರು. ಸಿಕ್ಕವರು ಮುಂದ ಸ್ಲೀಮನ್ ಅನ್ನೂ ಅಧಿಕಾರಿ ಎದುರಿಗೆ, ಹೆಂಗಸರನ್ನ ಕೊಂದದ್ದಕ್ಕ ನಮಗ ಕೇಡು ಬಂತು ಅಂತ ಹೇಳ್ಯಾರ.

ಮನಿಗೆ ಹೋದ್ರ ಇವರು ಹೊಲಾ ಮಾಡೂ ಮಂದಿ. ಕೆಲವು ಪಾಳೇಗಾರರು ಲೂಟಿಯೊಳಗ ಪಾಲು ತಗೊಂಡು ಇವರಿಗೆ ಆಸರಾ ಕೊಟ್ಟಿದ್ರು ಅಂತ ಶೆರ್ವುಡ್ ಬರದಾನ. ಶೇರ್ ಶಾಹನ ಕಾಲದಾಗ ಹಾದಿಕಾರನ ಹೊಣಿ ಹೊತ್ತಂಥಾ ಮಂದಿನ ಈಗ ಹಾದಿಕಾರನ ಗಂಟಿನಾಗ ಪಾಲು ತಗೋತಿದ್ರು, ನೋಡ್ರಿ.

1830 ರ ಮುಂದ ಸ್ಲೀಮನ್ ಜಬಲಪುರದ ಕಡೆ ಕುಂತು, ಸಿಕ್ಕವರನ್ನ ಮಾಫಿ ಸಾಕ್ಷಿ ಮಾಡಿ, ಅವರ ಬಾಯಿಂದ ಉಳಿದವರ ಹೆಸರು ತಗದು ಸಾವಿರಾರು ಮಂದೀನ್ನ ಹಿಡಿಸಿದ. ಅವರ ಮಾತು ಕೇಳಿ ಮೆಡೋಸ್ ಟೇಲರ್ 1839 ರಾಗ ಠಗ್ಗನೊಬ್ಬನ ಕಾದಂಬರಿ ಬರದ. ಅದ ಟೇಲರ್ ಮುಂದ ನಮ್ಮ ಸುರಪುರದ ಆಡಳಿತ ನೋಡಿದಾಂವ. ಅಲ್ಲೆ ಟೇಲರ್ ಮಂಜಿಲ್ ಅಂತ ಅವನ ಬಂಗಲೆ ಇನ್ನೂ ಐತಿ.

ಹಾದಿ ಸುಧಾರಿಸಿತು, ಖರೆ. ಆದ್ರ ಇದಕ್ಕ ಇನ್ನೊಂದು ಮಗ್ಗಲ ಐತಿ. 1836 ರ ಕಾಯ್ದೆ ಪ್ರಕಾರ ಇಂಥಾ ಖೂನಿ ಮಾಡ್ಯಾನ ಅಂತ ಸಿದ್ಧ ಆಗಬೇಕಂತಿರಲಿಲ್ಲ, ಠಗ್ಗರ ಗುಂಪಿನಾಂವ ಅಂತ ಸಿದ್ಧ ಆದ್ರ ಜೀವಾವಧಿ ಶಿಕ್ಷಾ. ಅಲ್ಲಿಂದ 1871 ರ ಅಪರಾಧಿ ಬುಡಕಟ್ಟು ಕಾಯ್ದೆಗೆ ಹಾದಿ ದೂರ ಇರಲಿಲ್ಲ. ಈಗ ಇಡೀ ಇಡೀ ಜಾತಿಗಳನ್ನ ಹುಟ್ಟಾ ಕಳ್ಳರು ಅಂತ ಬರಕೊಂಡ್ರು. ಹಾಜರಿ ಹೇಳಬೇಕು, ಪರವಾನಗಿ ಇಲ್ಲದ ಊರು ಬಿಡಬಾರದು. ನಮ್ಮ ಹುಬ್ಬಳ್ಳ್ಯಾಗ ಇವತ್ತಿಗೂ ಸೆಟ್ಲಮೆಂಟ್ ಅಂತ ಕರಿಯೂ ಏರಿಯಾ ಐತಲ್ಲ, ಆ ಹೆಸರು ಬಂದದ್ದ ಇಂಥಾ ಮಂದೀನ್ನ ಬೇಲಿಯೊಳಗ ಇಟ್ಟದ್ದರಿಂದ. ದೇಶದ ಕೆಲವು ಕಡೆ ಲಂಬಾಣಿಗರನ್ನೂ ಈ ಪಟ್ಟಿಗೆ ಸೇರಿಸಿದ್ರು. ಎತ್ತಿನ ಮ್ಯಾಲೆ ಉಪ್ಪು, ಕಾಳು ಹೇರಕೊಂಡು ದೊಡ್ಡ ದೊಡ್ಡ ದಂಡಿಗೆ ಅನ್ನ ಮುಟ್ಟಿಸಿದ ಮಂದಿ ಅವರು. ಹಾದಿಯನ್ನ ನಡಸಿದವರ ಮ್ಯಾಲೆ ಹಾದಿ ಕಳ್ಳರು ಅನ್ನೂ ಹಣೆಪಟ್ಟಿ. 1952 ರ ಆಗಸ್ಟ್ 31 ಕ್ಕ ಕಾಯ್ದೆ ಹೋತು. ಮನಸಿನಾಗಿಂದು ಹೋತೇನು?

ಇಲ್ಲಿಗೆ ನನ್ನ ತಪ್ಪು ಹೇಳಬೇಕು. ಆರು ವರ್ಷದ ಹಿಂದ ಬೆಂಗಳೂರಾಗ ಒಂದು ಮದಿವಿ ಮುಗಿಸಿ ನಾಕು ಗಂಟೆ ನಸುಕಿನ್ಯಾಗ ಹೊಂಟಿದ್ವಿ. ಎರಡು ರಾತ್ರಿ ಯಾರಿಗೂ ನಿದ್ದಿ ಇಲ್ಲ. ಹಿರಿಯೂರು ದಾಟಿ, ಚಿತ್ರದುರ್ಗ ಬರೂದರೊಳಗ ಒಂದು ಹೋಟೆಲಿಗೆ ನಿಂತ್ವಿ. ಹೊರಗ ಗಿಡದ ಕೆಳಗ ಒಬ್ಬಾಕಿ ಮುದುಕಿ, ಕನ್ನಡಿ ಚೂರು ಹೊಲದ ಲಂಬಾಣಿ ಕುಪ್ಪಸ ತೊಟ್ಟು, ಸೌತಿಕಾಯಿ ಮಾರಾಕ ಕುಂತಿದ್ಲು. ನಮ್ಮ ಕಾರಿನ ಬಾಜೂಕ್ಕ ಅಕಿ ಬುಟ್ಟಿ. ಚಾ ಕುಡದು ಬಂದು ನೋಡಿದ್ರ ನನ್ನ ನೆಗೆಣ್ಣಿ ಬ್ಯಾಗ ಇಲ್ಲ. ಅದರೊಳಗ ಬೋರಮಾಳ ಸರ, ರೊಕ್ಕ, ಎಲ್ಲಾ. ಎಲ್ಲಾರ ಕಣ್ಣು ಒಮ್ಮೆಲೆ ಆ ಮುದುಕಿ ಕಡೆ ಹೋತು. ನಮ್ಮ ಡ್ರೈವರ್ ಅಕಿ ಬುಟ್ಟಿ ಬೋರಲ ಹಾಕಿದ. ಸೌತಿಕಾಯಿ ಉರುಳಿ ಡಾಂಬರ ಮ್ಯಾಲೆ ಬಿದ್ದವು. ನಾ ಬ್ಯಾಡ ಅನಲಿಲ್ಲ. ಇತಿಹಾಸ ಕಲಿಸಿದಾಕಿ ನಾ, ಸೆಟ್ಲಮೆಂಟ್ ಅಂದ್ರೇನು ಅಂತ ಗೊತ್ತಿದ್ದಾಕಿ, ಸುಮ್ಮನ ನಿಂತೆ.

ಹತ್ತು ನಿಮಿಷದಾಗ ಹೋಟೆಲಿನ ಕಸಾ ಹೊಡಿಯೂ ಹೆಣ್ಣಮಗಳು ಬ್ಯಾಗ ಹಿಡಕೊಂಡು ಬಂದ್ಲು. ಪಾಯಖಾನಿ ಬಾಗಲ ಹಿಂದಿನ ಮಳಿಗೆ ಜೋತು ಬಿದ್ದಿತ್ತಂತ. ನೆಗೆಣ್ಣಿನ ಅಲ್ಲೆ ಸಿಗಿಸಿ, ಮರತು ಬಂದಿದ್ಲು. ಅಲ್ಲೆ ಕಳ್ಳರು ಯಾರೂ ಇರಲಿಲ್ಲ. ನಮ್ಮ ನಿದ್ದಿ ಇತ್ತು.

ನಾ ಸೌತಿಕಾಯಿ ಆರಿಸಿ ಕೊಟ್ಟೆ, ಐದು ನೂರು ರೂಪಾಯಿ ಮುಂದ ಹಿಡದೆ. ಮುದುಕಿ ಎಣಿಸಿ, ಒಡದ ಕಾಯಿಗೆ ಎಷ್ಟಾಗತೈತೋ ಅಷ್ಟ ಇಟಗೊಂಡು ಉಳಿದದ್ದು ತಿರುಗಿ ಕೊಟ್ಲು. ನನ್ನ ಮಾರಿ ನೋಡಲಿಲ್ಲ. ಆ ಚಿಲ್ಲರೆ ಹಿಡಕೊಂಡ ಕೈ ನನಗ ಇನ್ನೂ ನೆನಪೈತಿ.

ಅದಕ್ಕ ತಂಗಿ ಮಗಳಿಗೆ ನಾ ಹೇಳೂದು ಇಷ್ಟ. ಮಂದಿ ಅರಬಿ ನೋಡಬ್ಯಾಡ, ಅವರ ಕೆಲಸ ನೋಡು. ತಂತಿ ಕಳ್ಳರನ್ನ ನೋಡಿದ್ರ ಯಾರಿಗೂ ಸಂಶಯ ಬರತಿರಲಿಲ್ಲ, ಆ ಮುದುಕಿನ್ನ ನೋಡಿ ನಮಗ ಬಂತು. ಎರಡೂ ಸಲ ಕಣ್ಣು ಮೋಸ ಮಾಡಿತು. ಕೇಳದ ಸಹಾಯಕ್ಕ ಬಂದು, ನಿಮ್ಮ ಹಾದಿ, ನಿಮ್ಮ ಊರು, ಜೋಡಿ ಯಾರದಾರ ಅಂತ ಕೆದಕಾವರು ಯಾವ ವೇಷದಾಗ ಇದ್ರೂ ನಕ್ಕು ಮಾತು ಮುರಿ. ಟೈರ್ ಪಂಚರ್ ಆಗೇತಿ, ಎಣ್ಣಿ ಸೋರಾಕತ್ತೇತಿ ಅಂತ ಬಾಜೂ ಗಾಡಿಯವರು ಕೈ ಮಾಡಿದ್ರ ಅಲ್ಲೆ ನಿಲ್ಲಬ್ಯಾಡ. ಸಾವಕಾಶ ಹೊಡಕೊಂಡು ಮಂದಿ ಇರೂ ಪೆಟ್ರೋಲ್ ಪಂಪಿಗೆ ಹೋಗಿ ನೋಡು. ರೊಕ್ಕ ಕೆಳಗ ಬಿದ್ದೇತಿ ಅಂದ್ರ ಮೊದಲ ಬಾಗಲ ಹಾಕು, ಆಮ್ಯಾಲೆ ಬಗ್ಗು. ಹಾದ್ಯಾಗ ಪರಿಚಯ ಆದವರು ಕೊಟ್ಟ ತಿನಿಸು ಮಕ್ಕಳಿಗೂ ಬ್ಯಾಡ, ಅತ್ತಿಗೂ ಬ್ಯಾಡ. ಕಟಕ ರೊಟ್ಟಿ, ಶೇಂಗಾ ಚಟ್ನಿ ನಾನ ಕಳಸತೀನಿ.

ಬೆಳಕು ಇರೂ ಕಡೆ, ಸಂಸಾರಸ್ಥರು ಇಳಿಯೂ ಕಡೆ ನಿಲ್ಲು. ಪಾಯಖಾನಿಗೆ ಮಕ್ಕಳನ್ನ ಒಬ್ಬರನ್ನ ಕಳಸಬ್ಯಾಡ. ಎಲ್ಲಾರೂ ಕೂಡಿ ಇಳಿಬ್ಯಾಡ್ರಿ. ನೀ ಇಳದ್ರ ಅತ್ತಿ ಒಳಗ, ಅತ್ತಿ ಇಳದ್ರ ನೀ ಒಳಗ. ಹೊಂಡೂಮುಂದ ಒಬ್ಬಾಕಿ ಕುಂತ ಜಾಗಾ, ಮಳಿ, ಮೇಜಿನ ಕೆಳಗ ನೋಡಿ ಬರಬೇಕು. ಎರಡು ತಾಸಿಗೊಮ್ಮೆ ನಿಲ್ಲು. ಕಣ್ಣು ಎಳದ್ರ ಕಿಟಕಿ ತಗದು, ಹಾಡು ಜೋರ ಹಚ್ಚಿ ಮುಂದ ಹೋಗಬ್ಯಾಡ, ಅದರಿಂದ ನಿದ್ದಿ ಹೋಗೂದಿಲ್ಲ. ಮಂದಿ ಇರೂ ಪಂಪಿನ್ಯಾಗ ಗಾಡಿ ನಿಲ್ಲಿಸಿ, ಬಾಗಲ ಲಾಕ್ ಮಾಡಿ, ಕಿಟಕಿ ಸ್ವಲ್ಪ ಇಳಿಸಿ ಇಪ್ಪತ್ತು ನಿಮಿಷ ಮಲಗು. ಆವಾಗ ಅತ್ತಿ ಎಚ್ಚರ ಇರಲಿ. ಏನರ ಆದ್ರ 112, ಹೈವೇದ ಮ್ಯಾಲೆ ಗಾಡಿ ಕೆಟ್ಟರ 1033. ಎರಡೂ ನಂಬರ ಅತ್ತಿ ಫೋನಿನ್ಯಾಗೂ ಹಾಕಿ ಕೊಡು.

ಇದೆಲ್ಲಾ ಬರದು ಕಳಿಸಿದೆ. ಅಕಿ ಓದಿ ಫೋನ್ ಮಾಡಿದ್ಲು. "ದೊಡ್ಡವ್ವ, ಇದು ಆಯಿ ಹೇಳಿದ್ದ ಅಲ್ಲೇನು? ಒಬ್ಬಾಕಿ ಉಣ್ಣೂದು, ಒಬ್ಬಾಕಿ ನಿಲ್ಲೂದು." ಹೌದಲ್ಲ ಅನಿಸಿತು. "ಮತ್ತ ಹಾದ್ಯಾಗ ಮುದುಕ್ಯಾರು ಕುಂತಿದ್ರ ಸೌತಿಕಾಯಿ ತಗೋತೀನಿ ಬಿಡು" ಅಂದ್ಲು.

ತಗೋಬೇ ಅಂದೆ. ಚೌಕಾಶಿ ಮಾಡಬ್ಯಾಡ.