ಸ್ವಂತ ಬಳಕೆಗಾಗಿ ಮನೆ ತೆರವು: ಕರ್ನಾಟಕದಲ್ಲಿ ಬಾಡಿಗೆದಾರರ ತಕರಾರಿನ ಹಕ್ಕು

‘ಮನೆ ನಮಗೇ ಬೇಕು, ಖಾಲಿ ಮಾಡಿ’ ಎಂದು ಮಾಲೀಕರು ಹೇಳಿದಾಗ, ಆ ಅಗತ್ಯ ನಿಜವೇ ಎಂದು ನ್ಯಾಯಾಲಯದಲ್ಲಿ ಪ್ರಶ್ನಿಸಲು ಬಾಡಿಗೆದಾರರಿಗಿರುವ ಹಕ್ಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ ಇದಕ್ಕೆ ಜಾಗವಿರಲಿಲ್ಲ. ತಿಂಗಳ ಬಾಡಿಗೆಯ ಮನೆಯನ್ನು 106ನೇ ಕಲಮಿನಡಿ 15 ದಿನಗಳ ನೋಟಿಸು ಕೊಟ್ಟು ಬಿಡಿಸಿಕೊಳ್ಳಬಹುದಿತ್ತು, ಕಾರಣ ಹೇಳಬೇಕಾಗಿರಲಿಲ್ಲ.

ಎರಡು ಮಹಾಯುದ್ಧಗಳ ಕಾಲದಲ್ಲಿ ಪಟ್ಟಣಗಳಲ್ಲಿ ಮನೆಗಳ ಅಭಾವ ತಲೆದೋರಿ ಬಾಡಿಗೆ ನಿಯಂತ್ರಣ ಬಂತು. 1956ರಲ್ಲಿ ಕನ್ನಡ ನಾಡು ಒಂದಾದಾಗ ಹಳೆಯ ಮೈಸೂರಿನಲ್ಲಿ 1951ರ ಕಾಯ್ದೆ, ಧಾರವಾಡ–ಬೆಳಗಾವಿಗಳಲ್ಲಿ 1947ರ ಮುಂಬೈ ಕಾಯ್ದೆ, ಕಲಬುರಗಿ ಕಡೆ 1954ರ ಹೈದರಾಬಾದ್ ಕಾಯ್ದೆ, ದಕ್ಷಿಣ ಕನ್ನಡದಲ್ಲಿ 1949ರ ಮದ್ರಾಸ್ ಕಾಯ್ದೆ ಜಾರಿಯಲ್ಲಿದ್ದವು. ಇವುಗಳ ಬದಲಿಗೆ ಬಂದದ್ದು 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯ್ದೆ. ರಾಜ್ಯದ ಹೆಸರು ಬದಲಾದ ಮೇಲೆ ಇದು ಕರ್ನಾಟಕ ಕಾಯ್ದೆ ಎನಿಸಿತು.

ಬಾಡಿಗೆದಾರರ ಹಕ್ಕು ಅತ್ಯಂತ ಗಟ್ಟಿಯಾಗಿದ್ದದ್ದು ಈ ಕಾಯ್ದೆಯ ಕಾಲದಲ್ಲೇ. 21(1)(ಎಚ್) ಕಲಮಿನಂತೆ ಮಾಲೀಕರ ಅಗತ್ಯ ಸಮಂಜಸವೂ ಪ್ರಾಮಾಣಿಕವೂ ಆಗಿರಬೇಕಿತ್ತು. ಅಷ್ಟು ಸಾಬೀತಾದರೂ ಮೊಕದ್ದಮೆ ಅಲ್ಲಿಗೇ ಮುಗಿಯುತ್ತಿರಲಿಲ್ಲ. 21(4)ರಡಿ ನ್ಯಾಯಾಧೀಶರು ಎರಡೂ ಕಡೆಯ ಸಂಕಷ್ಟವನ್ನು ತೂಗಿ ನೋಡಬೇಕಿತ್ತು: ಮಾಲೀಕರಿಗೆ ಬೇರೆ ವಸತಿ ಇದೆಯೇ, ಬಾಡಿಗೆದಾರರಿಗೆ ಬೇರೆ ಮನೆ ಸಿಗುತ್ತದೆಯೇ, ತೆರವು ಮಾಡಿಸಿದರೆ ಯಾರಿಗೆ ಹೆಚ್ಚು ಕಷ್ಟ? ಒಂದು ಭಾಗವನ್ನು ಬಿಟ್ಟುಕೊಟ್ಟರೆ ಯಾರಿಗೂ ತೊಂದರೆಯಿಲ್ಲ ಎನಿಸಿದರೆ ಅಷ್ಟಕ್ಕೇ ಡಿಕ್ರಿ. ಮನೆ ಕಳೆದುಕೊಳ್ಳುವವರ ಕಷ್ಟವೂ ಲೆಕ್ಕಕ್ಕೆ ಬರಬೇಕೆಂದು ಶಾಸನವೇ ಒಪ್ಪಿದ್ದು ದೊಡ್ಡ ಮಾತು. ಇಂಥ ತುಲನೆ ಇಂಗ್ಲೆಂಡಿನ 1933ರ ಕಾನೂನಿನಲ್ಲೂ, ಮುಂಬೈ ಕಾಯ್ದೆಯಲ್ಲೂ ಮೊದಲೇ ಇತ್ತು. ಇದೇ ಹೊತ್ತಿಗೆ ದೆಹಲಿ ಬೇರೆ ದಾರಿ ಹಿಡಿಯಿತು. ಅಲ್ಲಿ 1976ರ ತಿದ್ದುಪಡಿಯ ನಂತರ, ತಕರಾರು ಹೂಡಲು ಅನುಮತಿಯನ್ನೇ ಬಾಡಿಗೆದಾರರು 15 ದಿನಗಳೊಳಗೆ ಕೇಳಬೇಕಾಯಿತು.

ಇನ್ನೊಂದು ಪಕ್ಷದ, ಅಂದರೆ ಮಾಲೀಕರ, ಅಳಲೂ ಸುಳ್ಳಲ್ಲ. ಮೊಕದ್ದಮೆಗಳು ದಶಕಗಟ್ಟಲೆ ಎಳೆಯುತ್ತಿದ್ದವು. ನಿವೃತ್ತಿಯ ನಂತರ ತಮ್ಮದೇ ಮನೆಗೆ ಬರಬೇಕೆಂದಿದ್ದವರು ಕಾದು ಸೋತರು. ಸುಪ್ರೀಂ ಕೋರ್ಟಿನ ಒಲವೂ ಬದಲಾಯಿತು. 1975ರ ಪಸುಪುಲೇಟಿ ವೆಂಕಟೇಶ್ವರಲು ತೀರ್ಪು, ದಾವೆ ಹೂಡಿದ ನಂತರದ ಬೆಳವಣಿಗೆಗಳನ್ನೂ ಗಮನಿಸಬೇಕೆಂದಿತು. ಆದರೆ 1996ರ ಪ್ರತಿವಾ ದೇವಿ ತೀರ್ಪು, ತಮ್ಮ ಅಗತ್ಯವೇನೆಂದು ಮಾಲೀಕರೇ ಚೆನ್ನಾಗಿ ಬಲ್ಲರು ಎಂದಿತು.

2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಈ ಒಲವನ್ನು ಶಾಸನವಾಗಿಸಿತು. 27(2)(ಆರ್) ಕಲಮಿನಲ್ಲಿ ಸಂಕಷ್ಟದ ತುಲನೆಯಿಲ್ಲ. ತಮಗೋ ತಮ್ಮ ಅವಲಂಬಿತರಿಗೋ ಮನೆ ಬೇಕೆಂದು ಮಾಲೀಕರು ಪ್ರಮಾಣಪತ್ರ ಸಲ್ಲಿಸಿದರೆ ನ್ಯಾಯಾಲಯ ಅದನ್ನು ನಿಜವೆಂದೇ ಭಾವಿಸಬೇಕು; ಅಲ್ಲವೆಂದು ತೋರಿಸುವ ಹೊರೆ ಬಾಡಿಗೆದಾರರದು. ಅದಕ್ಕಿಂತ ದೊಡ್ಡ ಪೆಟ್ಟು ವ್ಯಾಪ್ತಿಯದು. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3500 ರೂಪಾಯಿ, ಉಳಿದೆಡೆ 2000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನೂ, 14 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳನ್ನೂ ಕಾಯ್ದೆ ಹೊರಗಿಟ್ಟಿತು. ಹೀಗೆ ಹೊರಗುಳಿದವರಿಗೆ ಹನ್ನೊಂದು ತಿಂಗಳ ಕರಾರು ಮುಗಿದ ಮೇಲೆ ಉಳಿಯುವುದು 1882ರ ಕಾಯ್ದೆಯ ನೋಟಿಸು ಮಾತ್ರ.