ಮಹಡಿ ಮೇಲೆ ಮಹಡಿ ಎದ್ದ ಊರು

ಮಾಗಡಿ ರಸ್ತೆಯ ಟೋಲ್‌ಗೇಟ್‌ನಲ್ಲಿ ಬಸ್ಸಿಳಿದು ದಕ್ಷಿಣದ ಕಡೆಯ ಯಾವ ಅಡ್ಡರಸ್ತೆ ಹಿಡಿದರೂ ಗೋವಿಂದರಾಜನಗರದ ಆಸುಪಾಸಿಗೇ ಬಂದು ಸೇರುತ್ತೀರಿ. ಬಡಾವಣೆಯಾಗಿ ಅದು ಚಿಕ್ಕದು. ಬೆನ್ನಿಗೆ ಮಾಗಡಿ ರಸ್ತೆ, ಎದುರಿಗೆ ವಿಜಯನಗರ. 2008ರಲ್ಲಿ ಇದೇ ಹೆಸರಿನ ವಿಧಾನಸಭಾ ಕ್ಷೇತ್ರ ಹುಟ್ಟಿದ ಮೇಲೆ ಹೆಸರಿನ ಹರವು ಹಿಗ್ಗಿತು. ಕಾವೇರಿಪುರ, ಅಗ್ರಹಾರ ದಾಸರಹಳ್ಳಿ, ಡಾ. ರಾಜ್‌ಕುಮಾರ್ ವಾರ್ಡ್, ಮಾರೇನಹಳ್ಳಿ, ಮಾರುತಿ ಮಂದಿರ, ಮೂಡಲಪಾಳ್ಯ, ನಾಗರಭಾವಿ, ಕೊನೆಗೆ ಮೈಸೂರು ರಸ್ತೆಯ ನಾಯಂಡಹಳ್ಳಿ, ಇಷ್ಟೂ ಈ ಒಂದು ಹೆಸರಿನಡಿ ಬಂದವು. ಇವುಗಳಲ್ಲಿ ಹೆಚ್ಚಿನವು ಹೊಲ, ಕೆರೆ, ಮಾರಮ್ಮನ ಗುಡಿ ಇದ್ದ ಹಳ್ಳಿಗಳು. ಹಳೆಯ ಊರು ಎಲ್ಲಿತ್ತೆಂದು ಇವತ್ತಿಗೂ ಕಾಲಿಗೇ ಗೊತ್ತಾಗುತ್ತದೆ: ನೆಟ್ಟಗೆ ಸಾಗಿದ ಕ್ರಾಸು ಇದ್ದಕ್ಕಿದ್ದಂತೆ ಸೊಂಟ ತಿರುಗಿಸಿ ಕಿರಿದಾಗುತ್ತದೆ, ಆಟೋ ಒಳಗೆ ಬರಲು ಒಪ್ಪುವುದಿಲ್ಲ, ಅಲ್ಲೊಂದು ಅರಳಿಕಟ್ಟೆ, ಅದರ ಪಕ್ಕ ಊರದೇವತೆಯ ಗುಡಿ.

ಈ ಸೀಮೆಯ ಚರಿತ್ರೆಗೆ ಬೆನ್ನೆಲುಬು ಮಾಗಡಿ ರಸ್ತೆ. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಹಿಡಿದಾಗ ಕೆಂಪೇಗೌಡರ ಮನೆತನ ಹಿಂದೆ ಸರಿದದ್ದು ಮಾಗಡಿಗೆ. ಅಲ್ಲಿಂದ ಮುಂದೆ ಕೋಟೆಯ ಪೇಟೆಗೂ ಮಾಗಡಿಗೂ ನಂಟು ಉಳಿಸಿದ್ದು ಆಳುವವರಿಗಿಂತ ಹೆಚ್ಚಾಗಿ ರೈತರು. ಮಾಗಡಿ ಸೀಮೆಯ ಸೊಗಡವರೆ, ರಾಗಿ, ಹಣ್ಣು, ಸೊಪ್ಪು ಈ ದಾರಿಯಲ್ಲೇ ಪೇಟೆಗೆ ಇಳಿಯುತ್ತಿದ್ದವು. ದಾರಿಯುದ್ದಕ್ಕೂ ಇದ್ದ ಹಳ್ಳಿಗಳು ಪೇಟೆಗೆ ಬೇಕಾದದ್ದನ್ನು ಬೆಳೆದು ಕೊಟ್ಟು ತಮ್ಮ ಪಾಡಿಗೆ ತಾವಿದ್ದವು.

ಮೊದಲ ಪಲ್ಲಟ ತಂದದ್ದು ಗಿರಣಿ. 1884ರಲ್ಲಿ ಶುರುವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯನ್ನು ಜನ ಕರೆದದ್ದು ಬಿನ್ನಿ ಮಿಲ್ಲು ಎಂದು. ಸುತ್ತಲ ಬೀದಿಗಳು ಬಿನ್ನಿಪೇಟೆಯಾದವು. ತಲೆಮಾರುಗಟ್ಟಲೆ ಸಂಸಾರಗಳು ಅದರ ಸಂಬಳದಲ್ಲಿ ಬದುಕಿದವು, ಮಾಗಡಿ ರಸ್ತೆಯ ಅಗ್ರಹಾರಗಳ ವಠಾರಗಳು ಕಾರ್ಮಿಕರಿಂದ ತುಂಬಿದವು. ಆಮೇಲೆ 1945ರಲ್ಲಿ ನಗರ ಸುಧಾರಣಾ ಮಂಡಳಿ, ಜನರ ಬಾಯಲ್ಲಿ ಟ್ರಸ್ಟ್ ಬೋರ್ಡು, ಹುಟ್ಟಿತು. 1949ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬಿತ್ತು. ಕೈಗಾರಿಕಾ ಬಡಾವಣೆಯೂ ಜತೆಗೇ ಬಂತು. ಪಶ್ಚಿಮ ಬೆಂಗಳೂರು ಎಂದರೆ ಕೆಲಸ ಸಿಗುವ ದಿಕ್ಕು ಎಂಬ ಮಾತು ಕುಣಿಗಲ್, ಮಾಗಡಿ, ನಾಗಮಂಗಲ, ಚನ್ನಪಟ್ಟಣದ ಮನೆಮನೆಗೂ ಮುಟ್ಟಿತು. 1971ರಿಂದ 1981ರ ಹತ್ತು ವರ್ಷದಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 16.5 ಲಕ್ಷದಿಂದ 29 ಲಕ್ಷಕ್ಕೆ ಏರಿತು. ದೇಶದ ಬೇರಾವ ದೊಡ್ಡ ನಗರವೂ ಆ ದಶಕದಲ್ಲಿ ಅಷ್ಟು ವೇಗವಾಗಿ ಬೆಳೆಯಲಿಲ್ಲ. ಬಂದವರಿಗೆಲ್ಲ ಸೈಟು ಕೊಡುವ ಶಕ್ತಿ ಟ್ರಸ್ಟ್ ಬೋರ್ಡಿಗಾಗಲಿ, 1976ರಲ್ಲಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕಾಗಲಿ ಇರಲಿಲ್ಲ.

ಆಗ ಜಾಗ ಕೊಟ್ಟದ್ದು ರೆವಿನ್ಯೂ ಸೈಟು. ಹೊಲದವರು ಹೊಲವನ್ನು ತುಂಡು ಮಾಡಿ ಮಾರಿದರು, ಕೊಂಡವರು ಛಾಪಾ ಕಾಗದ ನಂಬಿ ಉಳಿತಾಯವನ್ನೆಲ್ಲ ಸುರಿದರು. ವಿಜಯನಗರದಲ್ಲಿ ಮೊದಲು ನಕ್ಷೆ, ಆಮೇಲೆ ಮನೆ. ಮೂಡಲಪಾಳ್ಯ, ಪಟ್ಟೇಗಾರಪಾಳ್ಯ, ಕಾವೇರಿಪುರದ ಎಷ್ಟೋ ಬೀದಿಗಳಲ್ಲಿ ಮೊದಲು ಮನೆ, ಆಮೇಲೆ ಮೋರಿ, ಆಮೇಲೆ ಡಾಂಬರು, ಎಲ್ಲಕ್ಕೂ ಕೊನೆಯಲ್ಲಿ ಖಾತೆ. ಆ ಖಾತೆಯೂ ಎಷ್ಟೋ ಜನರಿಗೆ ಪೂರ್ತಿ ಮಾನ್ಯತೆಯಿಲ್ಲದ ಬಿ ಖಾತೆಯಾಗಿಯೇ ಸಿಕ್ಕಿತು. ಇಂಥ ಮನೆಗಳನ್ನು ಸಕ್ರಮಗೊಳಿಸುವ ಅಕ್ರಮ-ಸಕ್ರಮದ ಮಾತು ಚುನಾವಣೆಯಿಂದ ಚುನಾವಣೆಗೆ ಉರುಳಿ, 2017ರಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆಗೆ ಬಂದು ನಿಂತಿತು. ಕಂದಾಯ ಕಟ್ಟುತ್ತ, ಮಕ್ಕಳನ್ನು ಓದಿಸುತ್ತ, ಮತ ಹಾಕುತ್ತ ಮೂವತ್ತು ನಲವತ್ತು ವರ್ಷ ಬಾಳಿದ ಸಂಸಾರವನ್ನು ಅಕ್ರಮವಾಸಿ ಎನ್ನುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಸೈಟು ಹಂಚಬೇಕಾದವರು ಹಂಚದೇ ಹೋದಾಗ ಅವರು ತಮ್ಮ ದುಡ್ಡಿನಲ್ಲಿ ಒಂದು ನಗರವನ್ನೇ ಕಟ್ಟಿದರು.

ಹೇಗೆ ಕಟ್ಟಿದರು ಎಂಬುದನ್ನು ತುಸು ನಿಧಾನವಾಗಿ ನೋಡಬೇಕು. ಇಲ್ಲಿನ ಅಳತೆ ಇಪ್ಪತ್ತು-ಮೂವತ್ತು, ಅಂದರೆ ಅರುನೂರು ಚದರಡಿ. ಮೊದಲು ಅದರಲ್ಲೊಂದು ಶೀಟಿನ ಮನೆ, ಹಿಂದೆ ಒಂದು ನೀರಿನ ತೊಟ್ಟಿ. ಕೆಲವು ವರ್ಷಕ್ಕೆ ಮೋಲ್ಡ್ ಹಾಕಿದರು. ಮೋಲ್ಡ್ ಹಾಕುವ ದಿನ ನೆಂಟರೆಲ್ಲ ಬಂದು, ಬೆಳಗಿನಿಂದ ಸಂಜೆವರೆಗೂ ಜಲ್ಲಿ ಸಿಮೆಂಟು ಬಾಂಡಲಿಯಲ್ಲಿ ಮೇಲೇರಿ, ಕೊನೆಗೆ ಗಾರೆಯವರಿಗೂ ಕೂಲಿಯವರಿಗೂ ಊಟ. ಮೇಲೆ ಕಂಬಿಗಳನ್ನು ಹಾಗೆಯೇ ಬಿಟ್ಟರು, ಮುಂದಿನ ಮಹಡಿಗೆ ಬೇಕಲ್ಲ. ಆ ಕಂಬಿಗಳು ಐದು ವರ್ಷವೋ ಹತ್ತು ವರ್ಷವೋ ತುಕ್ಕು ಹಿಡಿಯುತ್ತ ಕಾದವು. ಚೀಟಿ ಎತ್ತಿದ ವರ್ಷ, ಇಲ್ಲವೇ ಊರಿನ ತುಂಡು ಜಮೀನು ಕೊಟ್ಟ ವರ್ಷ ಮೊದಲನೇ ಮಹಡಿ ಎದ್ದಿತು. ಅದರಲ್ಲಿ ಎರಡು ಬಾಡಿಗೆ ಮನೆ. ಆ ಬಾಡಿಗೆಯಲ್ಲಿ ಮಗಳ ಮದುವೆ, ಮಗನ ಡಿಪ್ಲೊಮಾ. ಎರಡನೇ ಮಹಡಿಯನ್ನು ಭೋಗ್ಯಕ್ಕೆ ಕೊಟ್ಟು ಬಂದ ಇಡಿಗಂಟಿನಲ್ಲಿ ಹಳೆಯ ಸಾಲ ತೀರಿತು. ಹೀಗೆ ಒಂದೇ ಮನೆಯ ಗೋಡೆಗಳಲ್ಲಿ ಒಂದು ಸಂಸಾರದ ಮೂರು ದಶಕದ ಲೆಕ್ಕಪತ್ರ ಓದಬಹುದು.

ಕೆಳಗೆ ಮಾಲೀಕರು, ಮೇಲೆ ಬಾಡಿಗೆದಾರರು. ಇವರಿಬ್ಬರ ಸಂಬಂಧವೇ ಇಲ್ಲಿನ ಸಾಮಾಜಿಕ ಬದುಕಿನ ತಿರುಳು. ಸಂಪಿನ ಮೋಟರು ಯಾವಾಗ ಹಾಕಬೇಕು, ಬಟ್ಟೆ ಒಣಗಿಸಲು ತಾರಸಿ ಯಾರಿಗೆ ಯಾವ ದಿನ, ನೆಂಟರು ಬಂದರೆ ನೀರು ಎಷ್ಟು, ಹೀಗೆ ದಿನಕ್ಕೊಂದು ಸಣ್ಣ ಒಪ್ಪಂದ. ಜಗಳವೂ ಆಗುತ್ತದೆ. ಆದರೆ ರಾತ್ರಿ ಎದೆನೋವು ಬಂದಾಗ ಆಟೋ ಕರೆತರುವುದು, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದಾಗ ಶಾಲೆಯಿಂದ ಬಂದ ಮಗುವಿಗೆ ಕೀಲಿ ಕೊಟ್ಟು ಒಂದು ಲೋಟ ಹಾಲು ಕೊಡುವುದು ಕೆಳಗಿನ ಮನೆಯ ಅಜ್ಜಿಯೇ. "ಆಂಟಿ, ಮಗು ಬಂದ್ನಾ?" ಎಂದು ಗಾರ್ಮೆಂಟ್ಸ್‌ನಿಂದ ಫೋನ್ ಮಾಡುವ ತಾಯಂದಿರು ಮೈಸೂರು ರಸ್ತೆಯ ಕಾರ್ಖಾನೆಗಳಲ್ಲಿ ಎಷ್ಟೋ ಜನ. ಸರ್ಕಾರ ನಡೆಸಬೇಕಿದ್ದ ಶಿಶುಪಾಲನೆಯನ್ನು ಈ ಅಜ್ಜಿಯರು ಸಂಬಳವಿಲ್ಲದೆ ನಡೆಸುತ್ತಿದ್ದಾರೆ.

ಇದೇ ಬಾಗಿಲು ಎಲ್ಲರಿಗೂ ತೆರೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಬಾಡಿಗೆ ಮನೆ ಕೇಳಲು ಹೋದವರಿಗೆ ಅಡ್ವಾನ್ಸ್ ಎಷ್ಟೆಂದು ಹೇಳುವ ಮೊದಲು "ನೀವು ಯಾವ ಜನ?" ಎಂಬ ಪ್ರಶ್ನೆ ಬರುತ್ತದೆ. ದಲಿತರು, ಮುಸ್ಲಿಮರು ಒಂದೇ ರಸ್ತೆಯಲ್ಲಿ ಹತ್ತು ಬೋರ್ಡು ನೋಡಿ ಬರಿಗೈಯಲ್ಲಿ ಹಿಂದಿರುಗುವುದು ಇಂದಿಗೂ ಇದೆ. ತಾವೇ ಒಂದು ಕಾಲಕ್ಕೆ ನೆಲೆಯಿಲ್ಲದೆ ಬಂದು ಬೇರೂರಿದವರ ಊರು ಇದು. ಆದ್ದರಿಂದಲೇ ಆ ಪ್ರಶ್ನೆ ಇಲ್ಲಿ ಹೆಚ್ಚು ನೋಯಿಸುತ್ತದೆ.

ನೀರಿನ ಕತೆ ಬೇರೆಯೇ ಇದೆ. ಅರ್ಕಾವತಿ, ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಕಟ್ಟಿ ಮುಗಿದ ಚಾಮರಾಜಸಾಗರ ಇರುವುದು ಮಾಗಡಿ ರಸ್ತೆಯ ದಿಕ್ಕಿನಲ್ಲೇ. ದಶಕಗಳ ಕಾಲ ಪಶ್ಚಿಮ ಬೆಂಗಳೂರಿನ ಬಾಯಾರಿಕೆ ತಣಿಸಿದ ಜಲಾಶಯ ಅದು. ಹರಿದುಬರುವ ದಾರಿಗಳು ಬತ್ತಿ, ಇದ್ದ ನೀರೂ ಕೆಟ್ಟು, 2012ರ ಹೊತ್ತಿಗೆ ಅಲ್ಲಿಂದ ಪೂರೈಕೆ ನಿಂತಿತು. 1974ರಲ್ಲಿ ಕಾವೇರಿಯ ಮೊದಲ ಹಂತ ಬಂದಿದ್ದರಿಂದ ಬದುಕು ಸಾಗಿತು. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಅಷ್ಟು ಎತ್ತರಕ್ಕೆ ಪಂಪು ಮಾಡಿದ ನೀರು ಮನೆಯ ಸಂಪಿಗೆ ಬೀಳುವ ಸದ್ದಿಗೆ ನಡುರಾತ್ರಿ ಎದ್ದು ಕೂರುವುದು ಇಲ್ಲಿನ ಹೆಂಗಸರಿಗೆ ಅಭ್ಯಾಸ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಕೈಕೊಟ್ಟಾಗ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳ ಮುಂದೆ ಸಾಲು ಬೆಳೆಯಿತು. ಕಾವೇರಿ ಐದನೇ ಹಂತ ಆ ವರ್ಷದ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು.

ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಅಷ್ಟಾಗಿ ಕೇಳುವುದಿಲ್ಲ. ಈ ಇಡೀ ಪ್ರದೇಶ ವೃಷಭಾವತಿಯ ಕಣಿವೆ. ನಾಗರಭಾವಿಯ ರಾಜಕಾಲುವೆ, ಮಾಗಡಿ ರಸ್ತೆಯ ಮೋರಿಗಳು, ಎಲ್ಲವೂ ನಾಯಂಡಹಳ್ಳಿಯ ಹತ್ತಿರ ಅದನ್ನೇ ಕೂಡಿಕೊಳ್ಳುತ್ತವೆ. ಅಲ್ಲಿಂದ ಕೆಂಗೇರಿ, ಆಮೇಲೆ ಬಿಡದಿ ಬಳಿಯ ಬೈರಮಂಗಲ ಕೆರೆ. ಹೊಲಗಳಿಗೆ ನೀರುಣಿಸಲೆಂದು 1940ರ ದಶಕದಲ್ಲಿ ಕಟ್ಟಿದ ಆ ಕೆರೆ ಇಂದು ನಮ್ಮ ಕೊಚ್ಚೆಯನ್ನು ನೊರೆ ಸಮೇತ ಹೊತ್ತು ನಿಂತಿದೆ. ಬೈರಮಂಗಲದ ರೈತರು ಆ ನೀರಿನಲ್ಲೇ ಬೇಸಾಯ ಮಾಡಬೇಕು. ನಮ್ಮ ನಲ್ಲಿಗೆ ಕಾವೇರಿ ಬಂತು ಎಂದು ಸಂತೋಷಪಡುವಾಗ ಅವರ ಕಡೆಗೂ ಒಮ್ಮೆ ತಿರುಗಿ ನೋಡುವುದು ನಮ್ಮ ಕರ್ತವ್ಯ. ಕೆರೆಗಳನ್ನು ನುಂಗಿದ್ದರ ಫಲವೂ ಇದರಲ್ಲಿದೆ. ಕಾಮಾಕ್ಷಿಪಾಳ್ಯದ ಕೆರೆ ಆಟದ ಮೈದಾನವಾಯಿತು. ಮಕ್ಕಳಿಗೆ ಮೈದಾನ ಬೇಕೇ ಬೇಕು, ಆದರೆ ದೊಡ್ಡ ಮಳೆ ಬಂದ ರಾತ್ರಿ ನೀರು ತನ್ನ ಹಳೆಯ ಜಾಗ ಹುಡುಕಿಕೊಂಡು ತಗ್ಗಿನ ಮನೆಗಳಿಗೆ ನುಗ್ಗುತ್ತದೆ.

ಇನ್ನು ದುಡಿಮೆಯ ವಿಷಯ. ಕಾಮಾಕ್ಷಿಪಾಳ್ಯದ ಒಳರಸ್ತೆಗಳಲ್ಲಿ ಲೇತು, ಮಿಲ್ಲಿಂಗ್, ಪ್ಲೇಟಿಂಗ್ ಶೆಡ್ಡುಗಳು, ಮೇಲೆ ಮನೆ, ಕೆಳಗೆ ಮಷೀನು. ಪೀಣ್ಯದ ದೊಡ್ಡ ಕಾರ್ಖಾನೆಯ ಪುಟ್ಟ ಬಿಡಿಭಾಗ ಇಲ್ಲಿ ಕೊರೆದುಕೊಂಡು ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಹೆಂಗಸರು ಊದುಬತ್ತಿ ಹೊಸೆದು ಸಾವಿರದ ಲೆಕ್ಕದಲ್ಲಿ ಕೂಲಿ ಪಡೆದರು. ಬಿನ್ನಿ ಮಿಲ್ಲು ಮುಚ್ಚಿ ಅದರ ನೆಲದಲ್ಲಿ ಅಪಾರ್ಟ್‌ಮೆಂಟು ಎದ್ದಾಗ, ಕೆಲಸ ಕಳೆದುಕೊಂಡ ಮನೆಗಳನ್ನು ಆಧರಿಸಿದ್ದು ಇಂಥ ಚಿಲ್ಲರೆ ದುಡಿಮೆ.

ಊರಿನ ನಂಟು ಯಾರೂ ಕಡಿದುಕೊಂಡಿಲ್ಲ. ಹಬ್ಬಕ್ಕೆ ಹೋದವರು ರಾಗಿ ಮೂಟೆ, ತೆಂಗಿನಕಾಯಿ ಹೊತ್ತು ತರುತ್ತಾರೆ. ಅದಕ್ಕೇ ಇಲ್ಲಿ ಎರಡು ಮೂರು ರಸ್ತೆಗೊಂದು ಹಿಟ್ಟಿನ ಗಿರಣಿ ಇನ್ನೂ ಸದ್ದು ಮಾಡುತ್ತಿದೆ. ನಾಗಮಂಗಲದ ಆದಿಚುಂಚನಗಿರಿ ಮಠದ ಶಾಖೆ ವಿಜಯನಗರದಲ್ಲಿದ್ದು, ಆ ಕಡೆಯಿಂದ ಬಂದ ಹುಡುಗರ ಓದಿಗೂ ವಸತಿಗೂ ಆಸರೆಯಾಯಿತು. ಹೊಸಹಳ್ಳಿಯ ಮೆಟ್ರೊ ನಿಲ್ದಾಣಕ್ಕೆ ಮಠದ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರಿಟ್ಟದ್ದರ ಹಿಂದೆ ಆ ಋಣದ ನೆನಪಿದೆ. ಗಣೇಶನನ್ನು ಕೂರಿಸುವ ಹುಡುಗರು ಚಂದಾ ಪುಸ್ತಕ ಹಿಡಿದು ಬರುತ್ತಾರೆ, ನವೆಂಬರಿನಲ್ಲಿ ಅವರೇ ಕನ್ನಡ ಬಾವುಟ ಕಟ್ಟುತ್ತಾರೆ, ಆರ್ಕೆಸ್ಟ್ರಾದಲ್ಲಿ ರಾಜ್‌ಕುಮಾರ್ ಹಾಡಿಲ್ಲದೆ ರಾತ್ರಿ ಮುಗಿಯದು. ಇದೆಲ್ಲಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ಅಣ್ಣಮ್ಮನನ್ನು ಕರೆತರುವುದು. ಮೆಜೆಸ್ಟಿಕ್ ಬಳಿಯ ಗುಡಿಯಿಂದ ನಗರದೇವತೆಯ ಉತ್ಸವಮೂರ್ತಿಯನ್ನು ಬಡಾವಣೆಗೆ ತಂದು ಚಪ್ಪರದಲ್ಲಿ ಕೂರಿಸಿ, ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ಬರುವ ಆ ದಿನಗಳಲ್ಲಿ ಹಳೆಯ ಹಳ್ಳಿಯವರು, ಸೈಟು ಕೊಂಡವರು, ಬಾಡಿಗೆಯವರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ.

ಇಂಥ ಊರಿನ ರಸ್ತೆಯಲ್ಲಿ 2024ರ ಜುಲೈಯಲ್ಲಿ, ಮಗನ ಜತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಮಾಲೊಂದರ ಬಾಗಿಲಲ್ಲಿ ತಡೆದರು. ನಾಡೇ ಸಿಡಿದೆದ್ದಿತು, ಸರ್ಕಾರ ಏಳು ದಿನ ಆ ಮಾಲನ್ನು ಮುಚ್ಚಿಸಿತು. ಮಾಗಡಿ ರಸ್ತೆಯಲ್ಲಿ ಪಂಚೆಗೆ ಪ್ರವೇಶವಿಲ್ಲ ಎಂದರೆ ಆ ರಸ್ತೆಯನ್ನು ಸವೆಸಿದವರಿಗೇ ಪ್ರವೇಶವಿಲ್ಲ ಎಂದಂತೆ. ಜನರ ಸಿಟ್ಟು ನ್ಯಾಯವಾಗಿತ್ತು.

ರಾಜಕೀಯದಲ್ಲಿ ಈ ಭಾಗ ಮೊದಲು ಬಿನ್ನಿಪೇಟೆ ಕ್ಷೇತ್ರ. ವಿಂಗಡಣೆಯ ಬಳಿಕ 2008ರಲ್ಲಿ ವಿ. ಸೋಮಣ್ಣ ಕಾಂಗ್ರೆಸ್ಸಿನಿಂದ ಗೆದ್ದರು. ಅವರು ಪಕ್ಷ ಬಿಟ್ಟು ಬಿಜೆಪಿ ಸೇರಿದಾಗ 2009ರಲ್ಲಿ ನಡೆದ ಉಪಚುನಾವಣೆಯಲ್ಲಿ ಸೋಮಣ್ಣನವರನ್ನು ಪ್ರಿಯಕೃಷ್ಣ ಸೋಲಿಸಿದರು. 2013ರಲ್ಲಿ ಪ್ರಿಯಕೃಷ್ಣ, 2018ರಲ್ಲಿ ಸೋಮಣ್ಣ, 2023ರಲ್ಲಿ ಮತ್ತೆ ಪ್ರಿಯಕೃಷ್ಣ. ಶಾಸಕರನ್ನು ಆರಿಸುವ ಅವಕಾಶ ಹೀಗೆ ತಪ್ಪದೆ ಬಂತು. ಬೀದಿದೀಪ, ಮೋರಿ, ಕಸದ ಆಟೋಗೆ ಉತ್ತರ ಕೊಡಬೇಕಾದ ಕಾರ್ಪೊರೇಟರು ಮಾತ್ರ ಇಲ್ಲ. ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ, ಆ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಐದು ಪಾಲಿಕೆಗಳಾಗಿ ಒಡೆದಾಗ ಗೋವಿಂದರಾಜನಗರ ಪಶ್ಚಿಮ ಪಾಲಿಕೆಗೆ ಸೇರಿತು.

ಮುಂದೆ ಬರಲಿರುವುದು ಮೆಟ್ರೊದ ಇನ್ನೊಂದು ದಾರಿ. 2015ರ ನವೆಂಬರಿನಿಂದ ವಿಜಯನಗರಕ್ಕೆ, 2021ರಿಂದ ನಾಯಂಡಹಳ್ಳಿ ದಾಟಿ ಕೆಂಗೇರಿಗೆ ರೈಲು ಓಡುತ್ತಿದೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೂರನೇ ಹಂತದಲ್ಲಿ ಹೊಸಹಳ್ಳಿಯಿಂದ ಮಾಗಡಿ ರಸ್ತೆಯ ಮೇಲೆಯೇ ಕಡಬಗೆರೆಯವರೆಗೆ 12.5 ಕಿಲೋಮೀಟರ್, 9 ನಿಲ್ದಾಣ. ರೈಲು ಬಂದರೆ ಬಾಡಿಗೆ ಏರುತ್ತದೆ ಎಂದು ಕೆಳಗಿನ ಮನೆಯವರಿಗೂ ಗೊತ್ತು, ಮೇಲಿನ ಮನೆಯವರಿಗೂ ಗೊತ್ತು. ಮೇಲಿನ ಮನೆಯವರು ಈಗಲೇ ಸುಂಕದಕಟ್ಟೆಯಾಚೆ, ತಾವರೆಕೆರೆ ಕಡೆ ಸೈಟು ವಿಚಾರಿಸತೊಡಗಿದ್ದಾರೆ. ಅಲ್ಲೂ ಹೊಲಗಳಲ್ಲಿ ಕಲ್ಲು ನೆಟ್ಟು ಅಳತೆ ಹಾಕಿದ್ದಾರೆ, ಮೋರಿ ಇನ್ನೂ ಬಂದಿಲ್ಲ.